ನುಣುಪು ಬೆರಳಿನ ಹಲ್ಲಿ

ಡಾ. ಕಸ್ತೂರಿ ಹಂಚಿನಾಳ ಗುಂಡ್ಲಗಟ್ಟಿಗೆ ಬಂದ ಮೊದಲ ದಿನವೇ, ತಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ, ಮೇಲಿನಿಂದ ಒಂದು ಹಲ್ಲಿ ಆಕೆಯ ಎಡಭುಜದ ಮೇಲೆ ಬಿದ್ದು, ಅಲ್ಲಿಂದ ಜಾರಿ ತಾಟಿನ ಅಂಚಿಗೆ ಬಂತು. ತಮ್ಮ ಬಸಲಿಂಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಅವನ ಹೆಂಡತಿ ಶಿವಲೀಲಾ ತುಂಬಿದ ಬಸುರಿ. ನಿಧಾನಕ್ಕೆ ಎದ್ದು ಬಂದು, ಹಲ್ಲಿಯನ್ನು ಒರಸುಬಟ್ಟೆಯಿಂದ ಆಚೆ ತಳ್ಳಿ, ಬೇರೆ ತಾಟು ಇಟ್ಟಳು.

"ಹೆದರಬ್ಯಾಡ್ರಿ ಅಕ್ಕಾರ, ಇಲ್ಲಿ ದಿನಾ ಬೀಳ್ತಾವು," ಎಂದಳು. "ಮದಿವಿ ಆಗಿ ಬಂದ ಹೊಸದಾಗ ನಾನೂ ಪಂಚಾಂಗ ತಗದು ನೋಡತಿದ್ದೆ. ಭುಜದ ಮ್ಯಾಲ ಬಿದ್ರ ಏನು ಫಲ, ನೆತ್ತಿ ಮ್ಯಾಲ ಬಿದ್ರ ಏನು ಫಲ ಅಂತ. ಈಗ ಬಿಟ್ಟೀನಿ. ಫಲ ನೋಡಕೋತ ಕುಂತ್ರ ಅಡಿಗಿ ಯಾರು ಮಾಡವ್ರು?"

ಕಸ್ತೂರಿ ನಕ್ಕಳು. ಆದರೆ ಅವಳ ಕಣ್ಣು ಹಲ್ಲಿಯ ಮೇಲಿತ್ತು. ಅದು ಗೋಡೆಯ ಬಿಳಿ ಟೈಲ್ಸಿನ ಬುಡಕ್ಕೆ ಹೋಗಿ, ಮುಂಗಾಲು ಎತ್ತಿ ಊರಿ, ಜಾರಿ, ಮತ್ತೆ ಊರಿ, ಮತ್ತೆ ಜಾರುತ್ತಿತ್ತು. ಎಂಜಲು ಕೈ ತೊಳೆದು ಬಂದು ಅವಳು ಅದನ್ನು ಮೆಲ್ಲಗೆ ಹಿಡಿದಳು. ಚೀಲದಿಂದ ಮಸೂರ ತೆಗೆದು, ಕಿಟಕಿಯ ಬೆಳಕಿಗೆ ಅದರ ಅಂಗಾಲನ್ನು ಹಿಡಿದು ನೋಡಿದಳು.

ಹಲ್ಲಿಯ ಬೆರಳಡಿಯಲ್ಲಿ ಅಡ್ಡಡ್ಡ ಪಟ್ಟಿಗಳಿರುತ್ತವೆ. ಪ್ರತಿ ಪಟ್ಟಿಯ ಮೇಲೂ ಬರಿಗಣ್ಣಿಗೆ ಕಾಣದ ಕೂದಲುಗಳ ದಟ್ಟ ಕಾಡು. ಆ ಕೂದಲುಗಳು ಗೋಡೆಗೆ ಅಂಟುವುದರಿಂದಲೇ ಹಲ್ಲಿ ಸೂರಿನಲ್ಲಿ ತಲೆಕೆಳಗಾಗಿ ಓಡಾಡುತ್ತದೆ. ಈ ಹಲ್ಲಿಗೆ ಒಂದೂ ಪಟ್ಟಿ ಇರಲಿಲ್ಲ. ಬೆರಳಡಿ ತೊಳೆದಿಟ್ಟ ಗಾಜಿನ ಹಾಗೆ ನುಣ್ಣಗಿತ್ತು. ಅದಕ್ಕೆ ಪ್ರತಿಯಾಗಿಯೋ ಎಂಬಂತೆ ಉಗುರುಗಳು ಉದ್ದಕ್ಕೆ, ಕೊಕ್ಕೆಯಂತೆ ಬೆಳೆದಿದ್ದವು. ಬೆನ್ನಿನ ಮಚ್ಚೆಗಳು ಮಾಸಿ ಬೂದಿಬಣ್ಣಕ್ಕೆ ತಿರುಗಿದ್ದವು.

ಇಪ್ಪತ್ತು ವರ್ಷ ಹಲ್ಲಿಗಳನ್ನೇ ನೋಡುತ್ತ ಬಂದವಳು ಕಸ್ತೂರಿ. ಇಂಥದ್ದನ್ನು ಎಲ್ಲೂ ಕಂಡಿರಲಿಲ್ಲ.

"ಊಟ ಆರತೈತಿ ಅಕ್ಕ," ಎಂದ ಬಸಲಿಂಗ. ಅವಳಿಗೆ ಕೇಳಿಸಲೇ ಇಲ್ಲ.

ಆ ಹೊತ್ತಿಗೆ ದೇಶದಲ್ಲಿ ನೆಲೆ ಕಾಯಿದೆ ಬಂದು ವರ್ಷಗಳಾಗಿದ್ದವು. ಗಣಿಯಾಗಲಿ ಕಾರ್ಖಾನೆಯಾಗಲಿ ಒಂದಡಿ ಹಿಗ್ಗಬೇಕಾದರೂ ಅಲ್ಲಿಯ ಜೀವಿಗಳನ್ನು ಲಕ್ಷಣಪೆಟ್ಟಿಗೆಯಲ್ಲಿ ಇಟ್ಟು ನೋಡಬೇಕಿತ್ತು. ಹೊಲಿಗೆ ಯಂತ್ರದಷ್ಟು ದೊಡ್ಡ ಪೆಟ್ಟಿಗೆ ಅದು. ಪ್ರಾಣಿಯನ್ನು ಒಳಗಿಟ್ಟರೆ ಸುತ್ತಲಿಂದ ಬೆಳಕು ಬಿಟ್ಟು ಅದರ ಹುರುಪೆ ಎಣಿಸುತ್ತಿತ್ತು. ತೊಡೆಯಡಿಯ ರಂಧ್ರ, ಬೆನ್ನಿನ ಗುಳ್ಳೆ, ಬೆರಳಡಿಯ ಪಟ್ಟಿ, ಬಾಲದ ಉಂಗುರ ಎಲ್ಲವನ್ನೂ ಅಳೆದು, ದೇಶದ ಸಂಗ್ರಹಾಲಯಗಳಲ್ಲಿರುವ ಲಕ್ಷಾಂತರ ಮಾದರಿಗಳ ಜೊತೆ ಹೋಲಿಸಿ, ಇದು ಇಂಥ ಪ್ರಭೇದ, ಇಂಥ ಉಪಪ್ರಭೇದ, ಇಲ್ಲವೇ ಇದು ಹೊಸದು ಎಂದು ಹೇಳುತ್ತಿತ್ತು. ಅದಕ್ಕೂ ಮೊದಲು ವಿಜ್ಞಾನಿಗಳು ಒಂದೊಂದು ಹಲ್ಲಿಯ ಮೇಲೂ ಹತ್ತಾರು ವರ್ಷ ಜಗಳಾಡುತ್ತಿದ್ದರು. ಇದು ಬೇರೆ ಜಾತಿ ಎಂದು ಒಬ್ಬರು, ಬಣ್ಣ ಬದಲಾದ ಮಾತ್ರಕ್ಕೆ ಬೇರೆ ಆಗುವುದಿಲ್ಲ ಎಂದು ಇನ್ನೊಬ್ಬರು. ಕೋರ್ಟುಗಳು ಬೇಸತ್ತಿದ್ದವು. ಕಣ್ಣಿಗೆ ಕಾಣುವ ಲಕ್ಷಣವೇ ಪ್ರಮಾಣ ಎಂದು ಕಾಯಿದೆ ತೀರ್ಮಾನಿಸಿತು. ಪೆಟ್ಟಿಗೆಯ ಮಾತಿಗೆ ಪರವಾನಗಿ ಪಡೆದ ಒಬ್ಬ ವಿಜ್ಞಾನಿಯ ಸಹಿ ಬಿದ್ದರೆ ಮುಗಿಯಿತು. ಅಂಥ ಪರವಾನಗಿ ಇದ್ದ ಕೆಲವೇ ಜನರಲ್ಲಿ ಧಾರವಾಡದ ವರ್ಗೀಕರಣ ಸಂಸ್ಥೆಯ ಕಸ್ತೂರಿ ಒಬ್ಬಳು.

ಗುಂಡ್ಲಗಟ್ಟಿಯ ಗುಡ್ಡದ ಬುಡದಲ್ಲಿ ಬ್ಯಾಟರಿಗಳಿಗೆ ಬೇಕಾದ ಲಿಥಿಯಂ ಶುದ್ಧ ಮಾಡುವ ಕಾರ್ಖಾನೆ ಇತ್ತು. ಅದು ಇನ್ನಷ್ಟು ದೊಡ್ಡದಾಗಬೇಕಿತ್ತು. ಕಾರ್ಖಾನೆಯ ಬೆನ್ನಿಗೇ ಅಗಲವಾದ ಮೂರು ಕೆಸರುಹೊಂಡಗಳು. ತೊಳೆದು ಉಳಿದ ನೀರು, ರಾಡಿ ಎಲ್ಲ ಅಲ್ಲಿಗೆ ಹೋಗುತ್ತಿತ್ತು. ಸಂಜೆ ಗಾಳಿ ತಿರುಗಿದಾಗ ಊರಿಗೆಲ್ಲ ಹುಳಿಬಾಳೆಹಣ್ಣಿನಂಥ ಒಂದು ವಾಸನೆ ಬರುತ್ತಿತ್ತು. ಹೊಂಡ ಎತ್ತಿಸಿರಿ ಎಂದು ಊರಿನವರು ಕೇಳುತ್ತ ಬಂದಿದ್ದರು. ಸಮೀಕ್ಷೆ ಮುಗಿಯಲಿ ಎಂದು ಮೇಲಿನವರು ತಳ್ಳುತ್ತ ಬಂದಿದ್ದರು. ಆ ಸಮೀಕ್ಷೆಗೇ ಕಸ್ತೂರಿ ಬಂದದ್ದು. ಬಸಲಿಂಗ ಅದೇ ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಆಪರೇಟರ್. ತಾಯಿ ಸತ್ತಾಗ ಅವನು ಎಂಟು ವರ್ಷದವನು. ಕಸ್ತೂರಿಯೇ ಸಾಕಿ ಓದಿಸಿದ್ದಳು. ಹೀಗಾಗಿ ಕಾರ್ಖಾನೆಯ ಅತಿಥಿಗೃಹ ಬಿಟ್ಟು ಅವನ ಕ್ವಾರ್ಟರ್ಸಿನಲ್ಲೇ ಇಳಿದಳು.

ಹಗಲೆಲ್ಲ ಬಂಡೆಗಳ ಸಂದಿಯಲ್ಲಿ, ಮನೆಗಳ ಗೋಡೆಯಲ್ಲಿ ಹಲ್ಲಿ ಹುಡುಕುವುದು, ಪೆಟ್ಟಿಗೆಯಲ್ಲಿ ಇಡುವುದು. ಊರು, ಗುಡ್ಡದ ಬುಡ, ಹೊಂಡದ ಸುತ್ತ ಸಿಕ್ಕ ಹಲ್ಲಿಗಳೆಲ್ಲ ನುಣುಪು ಬೆರಳಿನವೇ. ಗುಡ್ಡ ದಾಟಿ ಆಚೆ ಹೋದರೆ ಮಾಮೂಲು ಬಂಡೆಹಲ್ಲಿಗಳು. ನಡುವಿನ ಗೆರೆ ಕತ್ತರಿಸಿದ ಹಾಗಿತ್ತು. ಪೆಟ್ಟಿಗೆ ಪ್ರತಿ ಬಾರಿಯೂ ಹೇಳಿತು: ಬಂಡೆಹಲ್ಲಿಯ ಹೊಸ ಉಪಪ್ರಭೇದ.

ಒಂದೇ ಒಂದು ತೊಡಕಿತ್ತು. ಹೊಂಡದ ಪಕ್ಕದ ಹಳೆಯ ಪಂಪ್‌ಹೌಸಿನಲ್ಲಿ ಕೆಲವು ಮುದಿ ಗಂಡುಹಲ್ಲಿಗಳು ಸಿಕ್ಕವು. ಬಾಲ ಒಮ್ಮೆ ಕಳಚಿ ಮತ್ತೆ ಬೆಳೆದಿದ್ದ, ದೊಡ್ಡ ದವಡೆಯ ಹಲ್ಲಿಗಳು. ಅವುಗಳ ಬೆರಳಡಿಯಲ್ಲಿ ಪಟ್ಟಿಗಳು ಸ್ಪಷ್ಟವಾಗಿದ್ದವು. ಪೆಟ್ಟಿಗೆ ಅವನ್ನು ಮಾಮೂಲು ಗುಂಪಿಗೆ ಹಾಕಿತು. ಕಸ್ತೂರಿ ಅವುಗಳ ಅಂಗಾಲನ್ನು ಮತ್ತೊಮ್ಮೆ ಮಸೂರದಡಿ ನೋಡಿದಳು. ಮುದಿಯವಕ್ಕೆ ಮಾತ್ರ ಯಾಕೆ ಪಟ್ಟಿ ಇದೆ? ಮರಿಗಳಲ್ಲಿ ಒಂದಕ್ಕೂ ಯಾಕಿಲ್ಲ? ಪ್ರಶ್ನೆ ಬಂತು. ಬಂದ ಹಾಗೆಯೇ ಹೋಯಿತು. ಗುಡ್ಡದಾಚೆಯಿಂದ ವಲಸೆ ಬಂದವು ಎಂದು ಬರೆದಳು. ಒಂದು ಜೀವಿಗೆ ತಾನು ಹೆಸರಿಡುವ ಗಳಿಗೆಗಾಗಿ ಅವಳು ಬಹಳ ಕಾಲ ಕಾದಿದ್ದಳು. ಬೆರಳಡಿಯಲ್ಲಿ ಪಟ್ಟಿ ಇಲ್ಲದ್ದು, ಉಗುರು ಉದ್ದವಿರುವುದು, ಬೆನ್ನು ಬೂದಿಯಾಗಿರುವುದು ಯಾವುದೋ ಅದು ಗುಂಡ್ಲಗಟ್ಟಿ ಉಪಪ್ರಭೇದ ಎಂದು ವ್ಯಾಖ್ಯೆ ಬರೆದು ಸಹಿ ಹಾಕಿದಳು.

ಕಾರ್ಖಾನೆಯ ಪರಿಸರ ವಿಭಾಗದ ಮುಖ್ಯಸ್ಥ ಓಲೇಕಾರ ಪೇಢೆಯ ಡಬ್ಬಿ ಹಿಡಿದು ಬಂದ. ಸದಾ ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು.

"ಮೇಡಮ್ಮಾರ, ಊರಿಗೊಂದು ಹೆಸರು ತಂದ್ರಿ," ಎಂದ. "ಜಗತ್ತಿನ್ಯಾಗ ಇಲ್ಲಿ ಬಿಟ್ರ ಬ್ಯಾರೆ ಎಲ್ಲೂ ಇಲ್ಲದ ಹಲ್ಲಿ. ಇನ್ನ ಮುಂದ ಈ ನೆಲಿ ಹೆಂಗೈತಿ ಹಂಗ ಕಾಯೋದು ನಮ್ಮ ಜವಾಬ್ದಾರಿ."

"ಹೆಂಗೈತಿ ಹಂಗ ಅಂದ್ರ?"

"ಹೊಂಡಾನೂ ಕೂಡಿ ರೀ. ಆ ಕೆಸರಿನ ದಂಡಿಗೇ ಅವು ಹೆಚ್ಚಿಗಿ ಅದಾವಲ್ಲ. ಹೊಂಡ ಎತ್ತಿದ್ರ ನೆಲಿ ಕೆಡತೈತಿ. ಕಾಯಿದೆ ಹಂಗ ಹೇಳತೈತಿ."

ತಿಂಗಳೊಳಗೆ ಆದೇಶ ಬಂತು. ಗುಡ್ಡದ ಬುಡವೆಲ್ಲ ರಕ್ಷಿತ ನೆಲೆಯಾಯಿತು. ತಂತಿಬೇಲಿ ಬಂತು, ಹಲ್ಲಿಯ ಚಿತ್ರದ ಫಲಕ ಬಂತು. ಊರಿನವರ ಅರ್ಜಿ ವಜಾ ಆಯಿತು. ಕಾರ್ಖಾನೆ ಹಿಗ್ಗುವುದು ನಿಂತರೂ, ಹೊಂಡ ಎತ್ತುವ ಖರ್ಚು ತಪ್ಪಿ ಅದು ಇದ್ದ ಹಾಗೇ ನಡೆಯುವಂತಾಯಿತು. ಬಸಲಿಂಗನಿಗೆ ಕೆಲಸ ಗಟ್ಟಿಯಾಯಿತೆಂದು ಸಮಾಧಾನ. ಶಿವಲೀಲಾ ಮಾತ್ರ ಅಕ್ಕಿ ಆರಿಸುತ್ತ ಕೂತವಳು ಕೇಳಿದಳು:

"ಅಲ್ರಿ ಅಕ್ಕಾರ, ಹಲ್ಲಿ ಸಲುವಾಗಿ ಆ ರಾಡಿ ಅಲ್ಲೇ ಇರಬೇಕೇನ್ರಿ?"

"ಕಾಯಿದೆ ಹಂಗೈತವ್ವ," ಎಂದಳು ಕಸ್ತೂರಿ. ಹೇಳುವಾಗ ಅವಳಿಗೇ ಅದು ಓಲೇಕಾರನ ದನಿಯಂತೆ ಕೇಳಿಸಿತು.

ಶಿವಲೀಲಾಳ ಹೆರಿಗೆ ತಾಲೂಕು ಆಸ್ಪತ್ರೆಯಲ್ಲಾಯಿತು. ಹೆಣ್ಣುಕೂಸು. ಅಲ್ಲಿಯ ಪದ್ಧತಿಯಂತೆ ನರ್ಸು ಕೂಸಿನ ಅಂಗಾಲಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿದಳು. ಕಾಗದದ ಮೇಲೆ ಒಂದು ಕರಿಯ ಮಚ್ಚೆ ಮಾತ್ರ ಮೂಡಿತು, ಒಂದೂ ಗೆರೆಯಿಲ್ಲ. ಒರೆಸಿ ಇನ್ನೊಮ್ಮೆ ಒತ್ತಿದಳು. ಮತ್ತೆ ಹಾಗೆಯೇ.

"ಗುಂಡ್ಲಗಟ್ಟಿ ಕೂಸನ್ರಿ?" ಎಂದಳು ನರ್ಸು. "ಹಂಗಾದ್ರ ಬಿಡ್ರಿ, ಬರಂಗಿಲ್ಲ. ಅಲ್ಲಿ ಈಗೀಗ ಹುಟ್ಟೂ ಕೂಸುಗಳಿಗೆ ಗೆರಿ ಇರಂಗಿಲ್ಲ." ಒಂದೂರಿನ ನೀರು ಉಪ್ಪು ಎನ್ನುವ ಹಾಗೆ, ಅಷ್ಟೇ ಸಹಜವಾಗಿ ಹೇಳಿ ಮುಂದಿನ ಹಾಸಿಗೆಗೆ ಹೋದಳು.

ಕಸ್ತೂರಿ ಚೀಲದಿಂದ ಮಸೂರ ತೆಗೆದಳು. ಕೂಸಿನ ಮುಷ್ಟಿ ಬಿಡಿಸಿ, ಅಕ್ಕಿಕಾಳಿನಂಥ ಬೆರಳತುದಿಯನ್ನು ಬೆಳಕಿಗೆ ಹಿಡಿದಳು. ತೊಳೆದಿಟ್ಟ ಗಾಜು. ಇನ್ನೊಂದು ಬೆರಳು. ಇನ್ನೊಂದು. ಕೂಸು ಅವಳ ಬೆರಳನ್ನು ಹಿಡಿಯಲು ನೋಡಿತು, ಹಿಡಿತ ಜಾರಿತು.

ಬಸಿರಿನ ನಾಲ್ಕನೆಯ ತಿಂಗಳ ಹೊತ್ತಿಗೆ ಕೂಸಿನ ಬೆರಳ ಚರ್ಮ ತಾನಾಗಿ ಸಣ್ಣ ಸಣ್ಣ ಮಡಿಕೆ ಬೀಳುತ್ತದೆ. ಅದೇ ಬೆರಳಚ್ಚು. ಮೊಟ್ಟೆಯೊಳಗೆ ಹಲ್ಲಿಮರಿಯ ಬೆರಳಡಿಯಲ್ಲೂ ಹಾಗೆಯೇ ಮಡಿಕೆ ಬಿದ್ದು ಪಟ್ಟಿಯಾಗುತ್ತದೆ. ಮಡಚಿಕೊ ಎಂದು ಚರ್ಮಕ್ಕೆ ಹೇಳುವ ಸಂದೇಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕೋಟ್ಯಂತರ ವರ್ಷಗಳಿಂದ ಬಂದ ಹಳೆಯ ಸಂದೇಶ. ಗುಂಡ್ಲಗಟ್ಟಿಯಲ್ಲಿ ಅದನ್ನು ಏನೋ ತಡೆಯುತ್ತಿತ್ತು. ಪಂಪ್‌ಹೌಸಿನ ಮುದಿ ಹಲ್ಲಿಗಳು ವಲಸೆ ಬಂದವಲ್ಲ, ಹೊಂಡಕ್ಕಿಂತ ಮೊದಲು ಹುಟ್ಟಿದವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವಳಿಗೆ ಅದು ಹೊಳೆಯಿತು. ಹೊಳೆದದ್ದನ್ನು ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ. ಎದುರಿಗೆ ಬಸಲಿಂಗ ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದ.

ಕೂಸಿಗೆ ಮುಕ್ತಾ ಎಂದು ಹೆಸರಿಟ್ಟರು. ಮುಕ್ತಾ ಚೆನ್ನಾಗಿ ಹಾಲು ಕುಡಿಯುತ್ತಿದ್ದಳು. ಕುಡಿದಷ್ಟೂ ಬೇಕೆನ್ನುತ್ತಿದ್ದಳು. ಆದರೆ ಮೈ ಹಿಡಿಯಲಿಲ್ಲ. ತೊಡೆಯ ಚರ್ಮ ಜೋತುಬಿತ್ತು. ಮುಖ ಮುದುಕಿಯ ಮುಖದಂತಾಯಿತು. ಬಾಲಗ್ರಹ ಎಂದರು ನೆರೆಯವರು, ತಾಯತ ಕಟ್ಟಿದರು. ಓಣಿಯಲ್ಲಿ ಇನ್ನೂ ಎರಡು ಮನೆಗಳಲ್ಲಿ ಹೀಗೇ ಕೂಸು ಹೋಗಿವೆ ಎಂದು ಶಿವಲೀಲಾ ಆಗ ಹೇಳಿದಳು. ಮೊದಲು ಯಾಕೆ ಹೇಳಲಿಲ್ಲ ಎಂದರೆ, "ನೀವು ಹಲ್ಲಿ ನೋಡಾಕ ಬಂದಿದ್ರಿ ಅಕ್ಕಾರ," ಎಂದಳು. ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ.

ಹುಬ್ಬಳ್ಳಿಯ ಮಕ್ಕಳ ಡಾಕ್ಟರು ಕರುಳಿನ ಚಿತ್ರ ತೋರಿಸಿದರು. ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಜುಂಗುಜುಂಗಾಗಿ ಇರಬೇಕು, ಆಗಲೇ ಅದು ಹಾಲನ್ನು ಹೀರುತ್ತದೆ. ಈ ಕೂಸಿನದು ರೇನ್‌ಕೋಟಿನ ಹಾಗೆ ನುಣ್ಣಗಿದೆ, ಕುಡಿದದ್ದು ಹಾಗೇ ಜಾರಿ ಹೋಗುತ್ತಿದೆ ಎಂದರು. ಯಾಕೆ ಹೀಗೆ ಎಂದು ಕೇಳಿದರೆ ತಲೆಯಾಡಿಸಿದರು. ರಕ್ತನಾಳದ ಮೂಲಕ ಪೋಷಣೆ ಕೊಡುತ್ತ ಕೆಲವು ತಿಂಗಳು ನಡೆಸಬಹುದು, ಅಷ್ಟೇ.

ಮಡಚಿಕೊ ಎಂಬ ಆ ಸಂದೇಶ ಕರುಳಿಗೂ ಮುಟ್ಟಿಲ್ಲವೆಂದು ಕಸ್ತೂರಿಗೆ ತಿಳಿಯಿತು. ಅವಳು ಧಾರವಾಡದ ಪ್ರಯೋಗಾಲಯಕ್ಕೆ ಓಡಿದಳು. ಆಸ್ಪತ್ರೆಯಲ್ಲಿ ಕಂಡದ್ದರ ಮರುವಾರವೇ ಅವಳು ಅಲ್ಲಿ ಒಂದು ಪ್ರಯೋಗ ಶುರು ಮಾಡಿಬಿಟ್ಟಿದ್ದಳು. ದೂರದ ಬೇರೊಂದು ಗುಡ್ಡದಿಂದ ಬೆರಳಿಗೆ ಪಟ್ಟಿ ಇರುವ ಮಾಮೂಲು ಹಲ್ಲಿಗಳನ್ನು ಜೋಡಿ ಜೋಡಿಯಾಗಿ ತಂದು, ಅರ್ಧದಷ್ಟನ್ನು ಗುಂಡ್ಲಗಟ್ಟಿಯ ಮಣ್ಣು, ನೀರು, ಅಲ್ಲಿಯದೇ ಹುಳ ಕೊಟ್ಟು ಸಾಕಿದ್ದಳು; ಉಳಿದವನ್ನು ಧಾರವಾಡದ ಮಣ್ಣುನೀರಿನಲ್ಲಿ. ಗುಂಡ್ಲಗಟ್ಟಿಯ ಕೆಲವು ಹೆಣ್ಣುಹಲ್ಲಿಗಳನ್ನೂ ತಂದು ಸ್ವಚ್ಛ ನೀರು ಕೊಟ್ಟು ಸಾಕಿದ್ದಳು. ಈಗ ಮೊಟ್ಟೆಗಳು ಒಡೆಯತೊಡಗಿದ್ದವು.

ಮೊದಲ ಮರಿ ಹೊರಬಂದಾಗ ಅವಳು ಒಬ್ಬಳೇ ಇದ್ದಳು. ಕಡ್ಡಿಯಷ್ಟು ಮರಿ. ತಾಯಿತಂದೆಯ ಬೆರಳಲ್ಲಿ ಪಟ್ಟಿ ಉಂಟು, ಮರಿಯದು ನುಣುಪು. ಗುಂಡ್ಲಗಟ್ಟಿಯ ಮಣ್ಣಿನ ತೊಟ್ಟಿಯಲ್ಲಿ ಹುಟ್ಟಿದ ಮರಿಗಳೆಲ್ಲ ಹಾಗೆಯೇ ಬಂದವು. ಪಕ್ಕದ ತೊಟ್ಟಿಯ ಮರಿಗಳು ಗಾಜಿನ ಮೇಲೆ ಸರಸರ ಹತ್ತಿದವು. ಒಂದೇ ತಲೆಮಾರು. ಉಪಪ್ರಭೇದ ಹುಟ್ಟಲು ಸಾವಿರಾರು ವರ್ಷ ಬೇಕು. ಇದಕ್ಕೆ ಒಂದು ಬೋಗುಣಿ ನೀರು ಸಾಕಾಗಿತ್ತು. ಸ್ವಚ್ಛ ನೀರಿಗೆ ತಂದ ಗುಂಡ್ಲಗಟ್ಟಿಯ ಹೆಣ್ಣುಗಳ ಮೊದಲ ಮರಿಗಳೂ ನುಣುಪಾಗಿಯೇ ಇದ್ದವು. ವಿಷ ತಾಯಿಯ ಮೈಯಲ್ಲಿ ಉಳಿದಿತ್ತು. ಎಷ್ಟು ಕಾಲ ಉಳಿಯುತ್ತದೆಂದು ಮುಂದಿನ ಮೊಟ್ಟೆಗಳಿಂದ ತಿಳಿಯಬೇಕಿತ್ತು.

ಸಂಸ್ಥೆಯ ನಿರ್ದೇಶಕ ಇನಾಮದಾರರ ಮುಂದೆ ಅವಳು ಎಲ್ಲವನ್ನೂ ಇಟ್ಟಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನನ್ನ ಸಹಿ ವಾಪಸ್ ತಗೋತೀನ್ರಿ ಸರ್," ಎಂದಳು ಕಸ್ತೂರಿ. "ಅದು ಉಪಪ್ರಭೇದ ಅಲ್ಲ. ರೋಗ."

"ವ್ಯಾಖ್ಯೆ ನೀವ ಬರದದ್ದದ ಕಸ್ತೂರಿ. ಬೆರಳಿಗೆ ಪಟ್ಟಿ ಇಲ್ಲದ್ದು ಈ ಉಪಪ್ರಭೇದ ಅಂತ. ಇವತ್ತೂ ಅಲ್ಲಿ ಹಲ್ಲಿಗೆ ಪಟ್ಟಿ ಇಲ್ಲ. ಹಂಗಾದ್ರ ಹೆಸರು ಸುಳ್ಳು ಹೆಂಗ ಆಗತದ?"

"ಕಾರಣ ಬ್ಯಾರೆ ಐತಲ್ರಿ."

"ಕಾಯಿದೆ ಕಾರಣ ಕೇಳಂಗಿಲ್ಲ. ಲಕ್ಷಣ ಕೇಳತದ." ಅವರು ಎದ್ದು ಬಾಗಿಲು ಮುಂದೆ ಮಾಡಿದರು. "ಇನ್ನೊಂದು ಮಾತು. ನಿಮ್ಮ ತೊಟ್ಟಿಯೊಳಗಿನ ಆ ನುಣುಪು ಮರಿ ಪೆಟ್ಟಿಗಿಯೊಳಗ ಇಟ್ಟು ನೋಡೀರೇನು?"

ಅವಳು ಇಟ್ಟು ನೋಡಿದಳು. ದೂರದ ಗುಡ್ಡದ ಹಲ್ಲಿಗೆ ಹುಟ್ಟಿದ ಮರಿಯನ್ನು ನೋಡಿ ಪೆಟ್ಟಿಗೆ ತಡವರಿಸದೆ ಹೇಳಿತು: ಗುಂಡ್ಲಗಟ್ಟಿ ಉಪಪ್ರಭೇದ, ರಕ್ಷಿತ ಜೀವಿ. ಪೆಟ್ಟಿಗೆ ತಪ್ಪೆಂದು ತೋರಿಸಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವಾಗಿತ್ತು. ಆದರೆ ಕಾಯಿದೆಯ ಕಣ್ಣಿಗೆ ಅದು ಸಾಕ್ಷಿಯಲ್ಲ, ಅನುಮತಿಯಿಲ್ಲದೆ ಇಟ್ಟುಕೊಂಡ ರಕ್ಷಿತ ಪ್ರಾಣಿ. ಪೆಟ್ಟಿಗೆ ನೋಡಿದ್ದೆಲ್ಲ ಅದೇ ಗಳಿಗೆಗೆ ಇಲಾಖೆಗೂ ತಿಳಿಯುತ್ತಿತ್ತು. ಎರಡು ದಿನದಲ್ಲಿ ಜನ ಬಂದು ತೊಟ್ಟಿಗಳನ್ನು, ಮರಿಗಳನ್ನು, ಒಡೆಯದ ಮೊಟ್ಟೆಗಳನ್ನು ವ್ಯಾನಿಗೆ ತುಂಬಿಕೊಂಡು ಹೋದರು. ಅವಳ ಪರವಾನಗಿ ಅಮಾನತಾಯಿತು.

ಗುಂಡ್ಲಗಟ್ಟಿಗೆ ಮರಳಿದವಳು ನೇರ ನಿಯಂತ್ರಣ ಕೊಠಡಿಗೆ ಹೋದಳು. ಬಸಲಿಂಗ ಪರದೆಗಳ ಮುಂದೆ ಕೂತಿದ್ದ. ಆಸ್ಪತ್ರೆಯ ಓಡಾಟದಲ್ಲಿ ಗಡ್ಡ ಬಂದಿತ್ತು. ಪರದೆಯ ಮೇಲೆ ಹೊಂಡಗಳ ನೀಲಿ ಚೌಕಗಳು.

"ಬಸು, ಆ ಹೊಂಡಕ್ಕ ಏನೇನು ಹೋಗತೈತಿ?"

"ತೊಳಿಯೋ ದ್ರಾವಕ ಹೋಗತೈತಿ. ಮಣ್ಣಿನ್ಯಾಗಿಂದ ಲಿಥಿಯಂ ಬಿಡಿಸಾಕ. ಸಂಜಿಕ ಅದರ ಆವಿ ಮ್ಯಾಲ ಬಿಡತೀವಿ." ಬಲಗಡೆಯ ಒಂದು ಹಸಿರು ಗುಂಡಿ ತೋರಿಸಿದ. "ಗಾಳ್ಯಾಗ ಕರಗತೈತಿ ಅಂತ ತರಬೇತಿ ಒಳಗ ಹೇಳ್ಯಾರ."

"ಕರಗಂಗಿಲ್ಲಪ್ಪ. ಊರ ಮ್ಯಾಲ ಇಳಿತೈತಿ. ನೀರಿಗೆ, ಹುಳಕ್ಕ, ಹುಳ ತಿಂದ ಹಲ್ಲಿಗೆ. ನೀರು ಕುಡದ ಶಿವಲೀಲಾಗ."

ಅವನು ತಿರುಗಿ ನೋಡಲಿಲ್ಲ. ಪರದೆಯ ಮೇಲಿನ ಅಂಕಿ ಬದಲಾಗುವುದನ್ನೇ ನೋಡುತ್ತಿದ್ದ.

"ನಾಕು ವರ್ಷದಿಂದ ಸಂಜಿ ಪಾಳಿ ನಂದ ಐತಿ ಅಕ್ಕ," ಎಂದ. "ಆ ಗುಂಡಿ ಒತ್ತೋದು ನಾನ."

ಕಸ್ತೂರಿ ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಮೆಲ್ಲಗೆ ಆ ಕೈಯನ್ನು ತೆಗೆದು ಕೆಳಗಿಟ್ಟ.

"ನೀ ಹೋಗು. ನಾ ಪಾಳಿ ಮ್ಯಾಲ ಅದೀನಿ."

ಅವಳು ಹೊರಗೆ ಬಂದು ಗೇಟಿನ ಹತ್ತಿರ ನಿಂತಳು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ಆ ಹುಳಿವಾಸನೆ ಅವತ್ತೂ ಬಂತು.

ಮುಕ್ತಾ ಯುಗಾದಿಯ ಮುಂಚೆ ತೀರಿಕೊಂಡಳು. ಕೊನೆಗೆ ಅವಳ ತೂಕ ಹುಟ್ಟಿದಾಗಿನದಕ್ಕಿಂತ ಕಡಿಮೆ ಇತ್ತು. ಊರಾಚೆಯ ರುದ್ರಭೂಮಿಯಲ್ಲಿ ಸಣ್ಣ ಗುಣಿ ತೋಡಿದರು. ಬಸಲಿಂಗ ಮಣ್ಣು ಹಾಕಿ ಬಂದು, ಸ್ನಾನ ಮಾಡಿ, ಗೋಡೆಗೆ ಮುಖ ಮಾಡಿ ಕೂತ. ಶಿವಲೀಲಾ ಎದೆ ತುಂಬಿ ನೋವಾಗಿ, ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಕಸ್ತೂರಿ ಬಾಗಿಲಲ್ಲಿ ನಿಂತು ಆ ಸಪ್ಪಳ ಕೇಳುತ್ತಿದ್ದಳು. ಓಲೇಕಾರ ಬಂದು ಸಾಂತ್ವನ ಹೇಳಿದ. ಹೋಗುವಾಗ ಕಸ್ತೂರಿಯನ್ನು ಪಕ್ಕಕ್ಕೆ ಕರೆದು, "ನಿಮಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ ಮೇಡಮ್ಮಾರ. ಸಹಿ ನಿಮ್ಮದ ಐತಿ," ಎಂದ. ದನಿ ಆಗಲೂ ಮೆತ್ತಗೇ ಇತ್ತು.

ಆ ಮಾತಿನಿಂದಲೇ ಅವಳಿಗೆ ದಾರಿ ತೋಚಿತು. ವರ್ಗೀಕರಣದ ಕಚೇರಿ ಕಾರಣ ಕೇಳುವುದಿಲ್ಲ. ಪರಿಸರ ಇಲಾಖೆ ಕೇಳುವುದಿಲ್ಲ. ಆದರೆ ಅಪರಾಧ ಮಾಡಿದವರನ್ನು ಕೋರ್ಟು ಕೇಳಲೇಬೇಕು: ಯಾಕೆ ಮಾಡಿದಿ? ಅಲ್ಲಿ ಹೇಳಿದ್ದನ್ನು ಬರೆದುಕೊಳ್ಳಲೇಬೇಕು.

ಮೂರನೆಯ ದಿನದ ಶಾಸ್ತ್ರ ಮುಗಿದ ಮರುದಿನ, ಬೆಳಿಗ್ಗೆ ಹತ್ತರ ಬಿಸಿಲಿಗೆ, ಕಸ್ತೂರಿ ಗಾಜಿನ ಭರಣಿಗಳನ್ನೂ ಸ್ಪಿರಿಟ್ಟಿನ ಕ್ಯಾನನ್ನೂ ಹಿಡಿದು ರಕ್ಷಿತ ನೆಲೆಯ ಬೇಲಿ ದಾಟಿದಳು. ಹೋಗುವ ಮೊದಲು ತಾನೇ ಪೊಲೀಸ್ ಠಾಣೆಗೆ ಫೋನ್ ಮಾಡಿದ್ದಳು. ಹೊಂಡದ ದಂಡೆಯ ಕಲ್ಲು ಎತ್ತಿ ಎತ್ತಿ ಹಲ್ಲಿಗಳನ್ನು ಹಿಡಿದಳು. ಅವು ಓಡಿ ತಪ್ಪಿಸಿಕೊಳ್ಳಲಾರದೆ ಕಲ್ಲಿನಿಂದ ಜಾರುತ್ತಿದ್ದವು. ಒಂದೊಂದಾಗಿ ಸ್ಪಿರಿಟ್ಟಿಗೆ ಹಾಕಿದಳು. ಜೀವಮಾನವೆಲ್ಲ ಪ್ರೀತಿಸಿದ ಪ್ರಾಣಿ. ಅವುಗಳ ತಪ್ಪೇನೂ ಇರಲಿಲ್ಲ. ಬೇಲಿಯಾಚೆ ಜನ ಸೇರಿದರು. ಕೂಸು ಕಳೆದುಕೊಂಡ ಹೆಂಗಸರು ಬಂದು ನಿಂತರು.

ಇನ್ಸ್‌ಪೆಕ್ಟರ್ ಬಂದಾಗ ಭರಣಿಗಳು ತುಂಬಿದ್ದವು.

"ಏನ್ ಮಾಡೀರಿ ಅಂತ ನಿಮಗ ತಿಳಿದೈತೇನ್ರಿ ಡಾಕ್ಟ್ರ?" ಎಂದ ಅವನು.

"ತಿಳಿದೈತ್ರಿ. ಕೇಸ್ ಹಾಕ್ರಿ. ಈ ಭರಣಿಗಳನ್ನ ಜಪ್ತಿ ಮಾಡ್ರಿ, ಒಂದೂ ಬಿಡಬ್ಯಾಡ್ರಿ. ಕೋರ್ಟಿನ್ಯಾಗ ಬೇಕಾಗತಾವು."

ವಿಚಾರಣೆ ಒಂದು ವರ್ಷ ದಾಟಿತು. ನ್ಯಾಯಾಧೀಶರು ಕಾರಣ ಕೇಳಿದರು, ಅವಳು ಹೇಳಿದಳು. ಬಸಲಿಂಗ ಸಾಕ್ಷಿಕಟ್ಟೆಗೆ ಬಂದು, ದ್ರಾವಕದ ಹೆಸರು ಹೇಳಿ, ಗುಂಡಿ ಒತ್ತಿದ್ದು ತಾನು ಎಂದು ಹೇಳಿ, ಕೆಲಸವನ್ನೂ ಕ್ವಾರ್ಟರ್ಸನ್ನೂ ಕಳೆದುಕೊಂಡ. ಮುಕ್ತಾಳ ಕರುಳಿನ ಚಿತ್ರವನ್ನು ಹುಬ್ಬಳ್ಳಿಯ ಡಾಕ್ಟರು ತಂದು ತೋರಿಸಿದರು. ಭರಣಿಯ ಹಲ್ಲಿಗಳನ್ನು ಬೇರೆ ರಾಜ್ಯದ ಪ್ರಯೋಗಾಲಯಕ್ಕೆ ಕಳಿಸಿದರು. ಅವುಗಳ ಕೊಬ್ಬಿನಲ್ಲಿ ದ್ರಾವಕ ಸಿಕ್ಕಿತು. ಆವಿ ಬಿಡುವುದನ್ನು ಕೂಡಲೇ ನಿಲ್ಲಿಸಬೇಕು, ಊರನ್ನು ಬೇರೆಡೆಗೆ ಒಯ್ಯಬೇಕು ಎಂದು ಕೋರ್ಟು ಹೇಳಿತು. ಹೊಂಡದ ವಿಷಯ ಬೇರೆ ಪೀಠಕ್ಕೆ ಹೋಯಿತು. ನೆಲೆ ಕಾಯಿದೆ ಇರುವ ತನಕ ಅದನ್ನು ಮುಟ್ಟುವಂತಿರಲಿಲ್ಲ. ಗುಂಡ್ಲಗಟ್ಟಿ ಉಪಪ್ರಭೇದದ ಹೆಸರು ರಕ್ಷಿತ ಜೀವಿಗಳ ಪಟ್ಟಿಯಲ್ಲಿ ಹಾಗೇ ಉಳಿಯಿತು, ಪಕ್ಕದಲ್ಲಿ ಕಸ್ತೂರಿಯ ಹೆಸರಿನ ಜೊತೆ.

ಅವಳಿಗೆ ಮೂರು ವರ್ಷ. ರಕ್ಷಿತ ಜೀವಿಯನ್ನು ಕೊಂದವರಿಗೆ ಅದಕ್ಕಿಂತ ಕಡಿಮೆ ಶಿಕ್ಷೆ ಕೊಡುವ ಅಧಿಕಾರ ತಮಗಿಲ್ಲ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು. ಓದುವಾಗ ಅವರು ತಲೆ ಎತ್ತಲಿಲ್ಲ.

ಜೈಲಿಗೆ ಬಂದು ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಶಿವಲೀಲಾ ಭೇಟಿಗೆ ಬಂದಳು. ಮುಕ್ತಾ ಹೋದ ಮೇಲೆ ಅವಳು ಕಸ್ತೂರಿಯ ಜೊತೆ ಮಾತಾಡಿರಲಿಲ್ಲ. ಕೋರ್ಟಿಗೆ ಬಂದರೂ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದಳು. ಈಗ ಜಾಲರಿಯಾಚೆ ಕೂತು ಸೆರಗು ಹೊದ್ದುಕೊಂಡಳು. ಹೊಸ ಊರಿನ ಮನೆ ಸೋರುವುದಿಲ್ಲ ಎಂದಳು. ಬಸಲಿಂಗ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ, ಮಾತು ಕಡಿಮೆ ಎಂದಳು. ಆಮೇಲೆ ಹೇಳಿದಳು:

"ಮೂರು ತಿಂಗಳಾತ್ರಿ ಅಕ್ಕಾರ."

ಕಸ್ತೂರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಜಾಲರಿಯನ್ನು ಹಿಡಿದಳು.

"ಕ್ವಾರ್ಟರ್ಸ್ ಹೋದಾಗಿಂದ ಆ ನೀರು ಬಿಟ್ಟು ವರ್ಷ ಆತು," ಎಂದಳು ಶಿವಲೀಲಾ. "ಡಾಕ್ಟ್ರು ಏನೂ ಆಗಂಗಿಲ್ಲ ಅಂತಾರ. ನಮ್ಮವ್ವ ದೇವರ ಮ್ಯಾಲ ಭಾರ ಹಾಕು ಅಂತಾಳ. ಓಲೇಕಾರ ಸಾಹೇಬ್ರೂ ಬಂದಿದ್ರು, ಈಗ ಎಲ್ಲಾ ಸುರಳೀತ ಆಗೇತಿ ಅಂದ್ರು. ನೀವು ಹೇಳ್ರಿ. ಈ ಕೂಸು ಹೆಂಗಿರತೈತಿ?"

ಧಾರವಾಡದಲ್ಲಿ ಸ್ವಚ್ಛ ನೀರು ಕೊಟ್ಟು ಸಾಕಿದ ಗುಂಡ್ಲಗಟ್ಟಿಯ ಹೆಣ್ಣುಹಲ್ಲಿಗಳು ಎರಡನೆಯ ಸಲ ಮೊಟ್ಟೆಯಿಟ್ಟಿದ್ದವು. ಆ ಮೊಟ್ಟೆಗಳು ಒಡೆಯುವ ಮೊದಲೇ ವ್ಯಾನು ಬಂದಿತ್ತು. ಅವುಗಳೊಳಗಿನ ಮರಿಗಳ ಬೆರಳು ಹೇಗಿದ್ದವೋ ಜಗತ್ತಿನಲ್ಲಿ ಯಾರೂ ನೋಡಿರಲಿಲ್ಲ. ಧೈರ್ಯದ ಮಾತು ಕಸ್ತೂರಿಯ ನಾಲಿಗೆಯ ತುದಿಯವರೆಗೆ ಬಂತು. ಹೇಳುವುದು ಎಷ್ಟು ಸುಲಭವಿತ್ತು. ಎದುರಿಗಿದ್ದ ಮುಖ ನೋಡಿ ನುಂಗಿಕೊಂಡಳು.

"ನನಗ ಗೊತ್ತಿಲ್ಲವ್ವ," ಎಂದಳು.

ಶಿವಲೀಲಾ ಅಳಲಿಲ್ಲ. ತಲೆಯಾಡಿಸಿದಳು, ಕೇಳಬೇಕಾದದ್ದನ್ನು ಕೇಳಿ ಆಯಿತು ಎಂಬಂತೆ.

"ಹುಟ್ಟಿದ ದಿನಾನ ಎತ್ತಿಕೊಂಡು ಬರ್ತೀನಿ," ಎಂದಳು. "ಬ್ಯಾರೆದವ್ರು ಹೇಳಿದ್ದು ನಾ ಕೇಳಂಗಿಲ್ಲ. ನೀವ ಕೈ ನೋಡಿ ಹೇಳಬೇಕು. ಹೆಂಗಿದ್ರೂ ಹೇಳಬೇಕು."

"ಹೇಳತೀನಿ."

ಹೊತ್ತು ಮುಗಿಯಿತೆಂದು ಕಾವಲಿನ ಹೆಂಗಸು ಬಾಗಿಲು ಬಡಿದಳು. ಶಿವಲೀಲಾ ಗೋಡೆ ಹಿಡಿದು ಎದ್ದಳು. ಇನ್ನೂ ಹೊಟ್ಟೆ ಕಾಣುತ್ತಿರಲಿಲ್ಲ. ಆದರೂ ಅವಳು ಒಂದು ಕೈಯನ್ನು ಅದರ ಮೇಲೆ ಇಟ್ಟುಕೊಂಡೇ ಬಿಸಿಲಿಗೆ ನಡೆದಳು.